ಡಿಸ್ಕಿನಲ್ಲಿದ್ದ ದನಿ

ಟಿವಿಯೊಳಗಿನ ರೈಲು ಹೊರಡುವ ಹೊತ್ತಿಗೆ ಯಾವಳೋ ಬೇರೆ ಹೆಂಗಸು ಮಾತಾಡಿದಳು. ದರ್ಜಿಯ ಕೈಯಲ್ಲಿದ್ದ ಆಟದ ಕಂಟ್ರೋಲರ್ ಜಾರಿ ತೊಡೆಯ ಮೇಲೆ ಬಿತ್ತು.

"ದಯವಿಟ್ಟು ಗಮನಿಸಿ. ಬಾಗಿಲು ಮುಚ್ಚಲಿದೆ, ಹಿಂದೆ ಸರಿದು ನಿಲ್ಲಿ."

ಮಾತು ಅದೇ, ದನಿ ಮಾತ್ರ ಯಾರದೋ. ಅಳತೆ ತೆಗೆಯದೆ ಹೊಲಿದ ಅಂಗಿಯ ಹಾಗೆ ಅವನ ಕಿವಿಗೆ ಅದು ಎಲ್ಲೂ ಕೂರಲಿಲ್ಲ.

ಅಲ್ಲಿ ಕೇಳಬೇಕಾಗಿದ್ದದ್ದು ಅವನ ಹೆಂಡತಿಯ ದನಿ. ಇಪ್ಪತ್ತಾರು ವರ್ಷ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಊರಿಗೆಲ್ಲ ಹೊತ್ತು ಹೇಳಿದವಳು ಅವಳು. ರೈಲು ಓಡಿಸುವ ಈ ಆಟ ಮಾಡಿದವರು ಹುಡುಕಿಕೊಂಡು ಬಂದು, ನಾಲ್ಕು ದಿನ ಕೂರಿಸಿ ಅವಳ ದನಿ ತುಂಬಿಸಿಕೊಂಡು ಹೋಗಿದ್ದರು. ಮರುವರ್ಷ ಗಂಟಲಿನ ಆಪರೇಷನ್ ಆಯಿತು. ಡಾಕ್ಟರು ಗಡ್ಡೆಯ ಜೊತೆ ದನಿಯನ್ನೂ ತೆಗೆದರು. ಅಂದಿನಿಂದ ಅವಳದು ಸ್ಲೇಟು, ಬಳಪ. ತುರ್ತಾದರೆ ಚಮಚದಲ್ಲಿ ತಟ್ಟೆ ಬಡಿಯುವುದು. ದರ್ಜಿ ಮಾತ್ರ ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು, ಉಂಡು, ರೈಲು ಓಡಿಸುತ್ತಿದ್ದ. ರೈಲಿನ ಮೇಲೇನೂ ಅವನಿಗೆ ಮೋಹವಿರಲಿಲ್ಲ. ನಾಲ್ಕು ನಿಮಿಷಕ್ಕೊಂದು ಸ್ಟೇಷನ್ನು, ಪ್ರತಿ ಸ್ಟೇಷನ್ನಿನಲ್ಲೂ ಅವಳು. ಅಷ್ಟು ಸಾಕಾಗಿತ್ತು ಅವನಿಗೆ.

ಮೂರು ವಾರದ ಹಿಂದೆ ಅವಳು ಬಚ್ಚಲಲ್ಲಿ ಜಾರಿ ಎಡಗೈ ಮುರಿದುಕೊಂಡಿದ್ದಳು. ಅಡುಗೆ, ಪಾತ್ರೆ ಎಲ್ಲ ಅವನ ತಲೆಗೇ ಬಂದು, ಆಟಕ್ಕೆ ಕೂತದ್ದು ಇವತ್ತೇ. ಕೂತರೆ ಈ ಅನ್ಯಾಯ!

"ಲೇ, ಬಾರೇ ಇಲ್ಲಿ! ನಿನ್ನ ದನಿ ತೆಗೆದುಹಾಕಿದಾರೆ ಕಣೇ!"

ಕೈಯ ಬ್ಯಾಂಡೇಜು ಹೊತ್ತು ಅವಳು ಬಾಗಿಲಿಗೆ ಬಂದಳು. ಟಿವಿ ನೋಡಿದಳು, ಇವನನ್ನು ನೋಡಿದಳು, ಹೊರಟುಹೋದಳು. ಪಾಪ, ಆಘಾತಕ್ಕೆ ಮಾತೇ ಹೊರಡುತ್ತಿಲ್ಲ ಎಂದುಕೊಂಡ ನಮ್ಮ ದರ್ಜಿ. ಅವಳಿಗೆ ಮಾತು ಹೊರಡದೆ ಎರಡು ವರ್ಷವಾಗಿತ್ತೆನ್ನುವುದು ಆ ಗಳಿಗೆಯಲ್ಲಿ ಮಹಾಶಯನಿಗೆ ಹೊಳೆಯಲಿಲ್ಲ.

ಬೇರೆ ಊರಲ್ಲಿದ್ದ ಮಗಳಿಗೆ ಫೋನು ಮಾಡಿದ.

"ಅಪ್‌ಡೇಟ್ ಆಗಿದೆ ಅಪ್ಪಾ, ಅಷ್ಟೇ. ಹೊಸದ್ರಲ್ಲಿ ದನಿ ಬದಲಾಯಿಸಿದಾರೆ."

"ಅಷ್ಟೇ ಅಂತೀಯಲ್ಲೇ! ಹೊಲಿಗೆ ಬಿಚ್ಚಿದ ಹಾಗೆ ಬಿಚ್ಚಿ ಮೊದಲಿನ ಥರ ಮಾಡೋಕಾಗಲ್ವಾ?"

"ಆಗುತ್ತೆ. ಡಿಸ್ಕಲ್ಲಿರೋದು ಹಳೇದೇ. ನೆಟ್ ವೈರ್ ಕಿತ್ತುಬಿಡಿ, ಆಟ ಪೂರ್ತಿ ಅಳಿಸಿ, ಡಿಸ್ಕಿಂದ ಮತ್ತೆ ಹಾಕಿ. ಆದ್ರೆ ನೀವು ಇಷ್ಟು ದಿನ ಆಡಿದ್ದೆಲ್ಲ ಹೋಗುತ್ತೆ. ಮೊದಲನೇ ಸ್ಟೇಷನ್ನಿಂದ ಶುರು ಮಾಡ್ಬೇಕು."

"ಹೋದ್ರೆ ಹೋಗ್ಲಿ."

"ಅದಿರ್ಲಿ, ತಾನಾಗೇ ಅಪ್‌ಡೇಟ್ ಆಗದ ಹಾಗೆ ನಾನೇ ಮಾಡಿಟ್ಟಿದ್ನಲ್ಲಪ್ಪಾ. ಯಾರೋ 'ಹೌದು' ಅಂತ ಒತ್ತಿರಬೇಕು."

"ನಾನೇ ಒತ್ತಿರ್ತೀನಿ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

ವೈರ್ ಕಿತ್ತ. ಅಳಿಸಲೇ ಎಂದು ಟಿವಿ ಕೇಳಿದಾಗ ಕಣ್ಣುಮುಚ್ಚಿ ಒತ್ತಿದ. ಡಿಸ್ಕನ್ನು ಅಂಗಿಯ ತುದಿಯಿಂದ ಒರೆಸಿ ತಳ್ಳಿದ. ಪರದೆಯ ಮೇಲಿನ ಪಟ್ಟಿ ಆಮೆ ನಡಿಗೆಯಲ್ಲಿ ತುಂಬುತ್ತಿತ್ತು. ಮೂರು ಗಂಟೆಗೆ ಅಂಗಡಿ ತೆರೆಯಬೇಕು ಎನ್ನುವುದೂ ಮರೆತುಹೋಯಿತು. ಹಳೆಯದು ಬರದೇ ಹೋದರೆ ಆ ದನಿಯನ್ನು ಈ ಭೂಮಿಯ ಮೇಲೆ ಇನ್ನೆಲ್ಲಿ ಕೇಳುವುದು?

ಕೊನೆಗೂ ರೈಲು ಬಂತು. ಮೊದಲನೇ ಸ್ಟೇಷನ್ನು.

"ದಯವಿಟ್ಟು ಗಮನಿಸಿ. ಬಾಗಿಲು ಮುಚ್ಚಲಿದೆ," ಆಮೇಲೆ ಅವಳು ಯಾವಾಗಲೂ ಎಳೆದುಕೊಳ್ಳುತ್ತಿದ್ದ ಪುಟ್ಟ ಉಸಿರು, "ಹಿಂದೆ ಸರಿದು ನಿಲ್ಲಿ."

ದರ್ಜಿ ಅತ್ತೇಬಿಟ್ಟ. "ಬಂತು ಕಣೇ! ಕೇಳಿಸ್ತಾ? ನೀನೇ!"

ಅವಳು ಬಂದಳು. ನೇರ ಹೋಗಿ ಟಿವಿಯ ಸ್ವಿಚ್ಚು ಆರಿಸಿದಳು. ಸ್ಲೇಟನ್ನು ಬ್ಯಾಂಡೇಜಿನ ಕೈಗೆ ಆನಿಸಿಕೊಂಡು ಬರೆದಳು.

"ಒತ್ತಿದ್ದು ನಾನು."

ಅವನು ಎರಡು ಸಲ ಓದಿದ. "ನೀನಾ? ನಿನ್ನ ದನೀನ ನೀನೇ? ಯಾಕೆ?"

ಸೆರಗಿನಿಂದ ಒರೆಸಿ ಮತ್ತೆ ಬರೆದಳು. "ಅವತ್ತು ಬಚ್ಚಲಲ್ಲಿ ಬಿದ್ದು ಬಕೆಟ್ ಬಡಿದೆ. ನೀವು ನನ್ನ ಮಾತು ಕೇಳ್ತಾ ಕೂತಿದ್ರಿ."

ಅವತ್ತು ಆಟ ಮುಗಿಸಿ ದರ್ಜಿ ನೀರು ಕುಡಿಯಲು ಎದ್ದಾಗ ಬಚ್ಚಲಿನ ಬಾಗಿಲಲ್ಲಿ ಅವಳ ಕಾಲು ಕಂಡಿತ್ತು. "ಈಗ ತಾನೇ ಬಿದ್ಲು ಡಾಕ್ಟ್ರೇ, ಒಂದು ನಿಮಿಷಾನೂ ಆಗಿಲ್ಲ," ಎಂದು ಆಸ್ಪತ್ರೆಯಲ್ಲಿ ಎದೆ ತಟ್ಟಿ ಹೇಳಿದ್ದ. ಅವಳು ಪಕ್ಕದಲ್ಲೇ ಮಲಗಿದ್ದಳು. ಸ್ಲೇಟು ಮನೆಯಲ್ಲಿತ್ತು.

"ಆಗ ತಾನೇ ಬಿದ್ದಿದ್ದೆ ಅಲ್ವಾ?" ಎಂದ. ಅವಳು ತಲೆಯಾಡಿಸಿದ್ದು ಇಲ್ಲವೆಂದು.

"ಮತ್ತೆ ಎಷ್ಟು ಹೊತ್ತು?"

ಬಚ್ಚಲಲ್ಲಿ ಗಡಿಯಾರವಿಲ್ಲ. ಅವಳು ಸ್ವಲ್ಪವೂ ಯೋಚಿಸದೆ ಬರೆದು, ಸ್ಲೇಟನ್ನು ಅವನ ತೊಡೆಯ ಮೇಲಿಟ್ಟಳು.

"ಏಳು ಸ್ಟೇಷನ್ನು."