ಉಪ್ಪು ಕೊಟ್ಟವನ ಹೆಸರು

“ಬಾಯಲ್ಲೇನು ಕೊಬ್ಬರಿ ತುರುಕಿಕೊಂಡಿದ್ದೀಯಾ? ಜೋರಾಗಿ ಹೇಳು. ನಿಮ್ಮಜ್ಜಿ ಯಾರನ್ನ ಕೊಂದು ಈ ದ್ವೀಪಕ್ಕೆ ಬಂದಳು?”

ತಹಸೀಲ್ದಾರ ಭಾರ್ಗವ ಹೀಗೆ ಕೇಳಿದಾಗ ಕಚೇರಿಯ ಹಜಾರದಲ್ಲಿ ನಲವತ್ತು ಜನರಾದರೂ ಇದ್ದರು. ಎಲ್ಲರೂ ಅವನೆದುರಿನ ಬೆಂಚಿನಲ್ಲಿ ಕೂತಿದ್ದ ಬತಾಸಿಯಾಗೆ ಗೊತ್ತಿದ್ದವರೇ. ಎಲ್ಲರ ಅಜ್ಜ ಮುತ್ತಜ್ಜಂದಿರೂ ಕಾಲಿಗೆ ಬೇಡಿ ಹಾಕಿಸಿಕೊಂಡೇ ಅಂಡಮಾನಿನಲ್ಲಿ ಹಡಗು ಇಳಿದವರು. ಈಗ ಹೋಗಿ ಕೇಳಿ, ಒಬ್ಬನ ಅಜ್ಜನೂ ಕಳ್ಳನಲ್ಲ, ಒಬ್ಬನ ಅಜ್ಜನೂ ಕೊಲೆಗಾರನಲ್ಲ. ಎಲ್ಲರೂ ಐವತ್ತೇಳರ ಸಿಪಾಯಿ ದಂಗೆಯಲ್ಲಿ ಕತ್ತಿ ಹಿಡಿದ ಶೂರರೇ. ಅಷ್ಟು ಜನ ಕತ್ತಿ ಹಿಡಿದಿದ್ದರೆ ಬಿಳಿಯರು ಅವತ್ತೇ ಗಂಟುಮೂಟೆ ಕಟ್ಟಬೇಕಿತ್ತು.

“ಯೋಳ್ತೀನಿ ಸಾಹೇಬ್ರೇ,” ಎಂದಳು ಬತಾಸಿಯಾ. ಐವತ್ತೈದರ ವಿಧವೆ, ಕೊಬ್ಬರಿ ಒಣಗಿಸುವ ಗೂಡಿನಲ್ಲಿ ಕೂಲಿ ಮಾಡಿ ಹೊಗೆಗೆ ಕಣ್ಣು ಕೆಂಪಾದವಳು. ಸೆರಗಿನಿಂದ ಕಣ್ಣೊರೆಸಿಕೊಂಡು ಸುತ್ತಲ ಬೆಂಚುಗಳನ್ನೊಮ್ಮೆ ನೋಡಿದಳು.

ಕಡಲ ದಂಡೆಯ ಎರಡೆಕರೆ ನೆಲಕ್ಕೆ ಅವಳು ಅರ್ಜಿ ಹಾಕಿದ್ದಳು. ಮನೆ, ಇಪ್ಪತ್ತೆಂಟು ತೆಂಗಿನ ಮರ, ಅಜ್ಜ-ಅಜ್ಜಿಯರನ್ನು ಮಣ್ಣು ಮಾಡಿದ ದಿಬ್ಬ, ಇಷ್ಟೇ ಅಲ್ಲಿರುವುದು. ಗಂಡ ಕಾಡಿನಲ್ಲಿ ಮರ ಕಡಿಯಲು ಹೋಗಿ ಮರದಡಿಗೇ ಸಿಕ್ಕಿ ಸತ್ತಿದ್ದ. ಮಕ್ಕಳಾಗಲಿಲ್ಲ. ಯಾರೊಡನೆಯಾದರೂ ಮಾತಾಡಬೇಕೆನಿಸಿದರೆ ಅವಳು ಆ ದಿಬ್ಬದ ಪಕ್ಕ ಹೋಗಿ ಕೂರುತ್ತಿದ್ದಳು. ಮೇನ್‌ಲ್ಯಾಂಡಿನ ಸೇಠು ಒಬ್ಬ ಅದೇ ಜಾಗದಲ್ಲಿ ಹೋಟೆಲು ಕಟ್ಟುವವನಿದ್ದ. ಶಿಕ್ಷೆ ಸವೆಸಿದ ಕೈದಿಗಳಿಗೆ ಬ್ರಿಟಿಷರ ಕಾಲದಲ್ಲಿ ಜೈಲಿನವರು ಕೊಟ್ಟ ನೆಲವಾದರೆ ಪಟ್ಟಾ, ಇಲ್ಲವಾದರೆ ಒತ್ತುವರಿ. ಇವತ್ತೇ ಕೊನೆಯ ವಿಚಾರಣೆ.

ನೆಲ ಕೈದಿಯದೇ. ಆದರೆ ಅವಳ ಅಪ್ಪ ರಾಮ್‌ಧನಿ, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸರ್ಕಾರ ಜಮೀನು ಬರೆದುಕೊಳ್ಳಲು ಬಂದಾಗ, ‘ನನ್ನ ತಂದೆತಾಯಿ ಕೈದಿಗಳಲ್ಲ, ಸಂಬಳಕ್ಕೆ ನೀರು ಹೊರಲು ಬಂದವರು’ ಎಂದು ಬರೆಸಿಬಿಟ್ಟಿದ್ದ. ಶಾಲೆಯ ಜವಾನ. ‘ಏ ಕೈದಿ ಸಂತಾನ, ಗಂಟೆ ಬಾರಿಸೋ’ ಎಂದೇ ಮಾಸ್ತರರು ಅವನನ್ನು ಕರೆಯುತ್ತಿದ್ದುದು. ಒಂದು ಸುಳ್ಳು ಹೇಳಿ ಮಾನ ಉಳಿಸಿಕೊಂಡ, ಕಾಲ ಕೆಳಗಿನ ನೆಲ ಕಳೆದುಕೊಂಡ. ಪಾಪ, ಅವನನ್ನು ಬೈಯಲೂ ಮನಸ್ಸಾಗುವುದಿಲ್ಲ.

ಆ ಸುಳ್ಳನ್ನು ಅಳಿಸುವುದಕ್ಕೆ ಬತಾಸಿಯಾ ಎಂಟು ತಿಂಗಳು ಚಪ್ಪಲಿ ಸವೆಸಿದ್ದಳು. ಹಳೆಯ ದಫ್ತರಗಳನ್ನೆಲ್ಲ ಯುದ್ಧದಲ್ಲಿ ದ್ವೀಪ ಹಿಡಿದಿದ್ದ ಜಪಾನಿಯರು ಸುಟ್ಟಿದ್ದರು. ಆ ಬೆಂಕಿಯಲ್ಲಿ ಅನ್ನ ಬೇಯಿಸಿಕೊಂಡರು ಎಂದು ಜನ ಆಡಿಕೊಳ್ಳುತ್ತಾರೆ. ಅಜ್ಜನ ಹೆಸರು ಎಲ್ಲೂ ಸಿಗಲಿಲ್ಲ. ಕೊನೆಗೆ ಹೆಂಗಸರ ಜೈಲಿನದೊಂದು ರಿಜಿಸ್ಟರು, ಗೆದ್ದಲು ತಿಂದು ಬಿಟ್ಟದ್ದು, ಸಿಕ್ಕಿತು. ಅಜ್ಜಿಯ ಕೊರಳಿಗೆ ಜೈಲಿನವರು ಕಟ್ಟಿದ್ದ ಮರದ ಬಿಲ್ಲೆಯ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ನಾನೂರ ಹದಿನೇಳು.

“ನೀನು ಹೇಳಲ್ಲ ಅಂದರೆ ನಾನೇ ಓದುತ್ತೀನಿ,” ಎಂದು ಭಾರ್ಗವ ಕನ್ನಡಕ ಏರಿಸಿದ. “ನಾನೂರ ಹದಿನೇಳು. ಸೋನ್‌ಕಲಿ. ವಯಸ್ಸು ಹತ್ತೊಂಬತ್ತು. ವಿಧವೆ. ಅಪರಾಧ, ಒಂದು ದಿನದ ಗಂಡುಕೂಸಿನ ಕೊಲೆ. ಶಿಕ್ಷೆ, ಜೀವ ಇರೋ ತನಕ ಕರಿನೀರು.” ತಲೆಯೆತ್ತಿ ನಕ್ಕ. “ವಿಧವೆಗೆ ಕೂಸು. ಭಲೇ ಮನೆತನ.”

ಹಜಾರದಲ್ಲಿ ಒಂದಿಬ್ಬರು ನಕ್ಕರು. ಹಿಂದೆ ಕೂತಿದ್ದ ಪಕ್ಕದ ತೋಟದ ಗಜಾಧರ ಬಗ್ಗಿ ಅವಳ ಸೆರಗು ಜಗ್ಗಿದ.

“ಅಕ್ಕ, ಎದ್ದು ಬಾ. ಊರ ಮುಂದೆ ಇದ್ನೆಲ್ಲ ಒದರಿಸ್ಕಬ್ಯಾಡ. ಇವತ್ತು ನಿಮ್ಮಜ್ಜಿದು ಆಚೆಗೆ ಬಂದ್ರೆ ನಾಳೀಕೆ ನಮ್ಮಜ್ಜಿದೂ ಬತ್ತದೆ. ಮಗಳಿಗೆ ಮೇನ್‌ಲ್ಯಾಂಡಿನಾಗೆ ಗಂಡು ಗೊತ್ತಾಗೈತೆ.”

“ನಿಮ್ಮಜ್ಜಿನೂ ನಮ್ಮಜ್ಜಿನೂ ಒಂದೇ ಸಾಲ್ನಾಗೆ ನಿಂತಿದ್ರು ಕಣೋ, ಗಂಡುಸ್ರು ಬಂದು ಆರಿಸ್ಕಳ್ಳಿ ಅಂತ.”

ಗಜಾಧರ ಎದ್ದು ಮೂರು ಬೆಂಚು ಆಚೆಗೆ ಹೋಗಿ ಕೂತ. ಅವಳ ಅಕ್ಕಪಕ್ಕ ಇದ್ದವರೂ ಮೆಲ್ಲಗೆ ಸರಿದರು.

ಆ ಸಾಲಿನ ಕಥೆಯನ್ನು ಅಜ್ಜಿ ನಗುತ್ತಲೇ ಹೇಳುತ್ತಿದ್ದಳು. ಮದುವೆಯಾಗಲು ಪರವಾನಗಿ ಸಿಕ್ಕ ಗಂಡು ಕೈದಿಗಳು ಜೈಲಿನ ಅಂಗಳಕ್ಕೆ ಬಂದು, ಸಾಲಾಗಿ ನಿಂತ ಹೆಂಗಸರನ್ನು ನೋಡುತ್ತ ಹೋಗುವುದು. ಅಜ್ಜ ಜೋಖೂ ಸೋನ್‌ಕಲಿಯ ಮುಂದೆ ನಿಂತು, “ನಾನೊಬ್ಬನ್ನ ಕೊಂದಿವ್ನಿ. ನೀನು?” ಎಂದನಂತೆ. “ನಾನೂ ಒಂದ್ನ.” “ಹಂಗಾರೆ ಸರಿಸಮ. ಜಗಳ ಬಂದ್ರೆ ಒಬ್ರನ್ನೊಬ್ರು ಹಂಗಿಸಂಗಿಲ್ಲ.” ಆ ಒಂದು ಮಾತಿನ ಮೇಲೆ ನಲವತ್ತು ವರ್ಷ ಸಂಸಾರ ನಡೆಯಿತು. ಅಜ್ಜ ಹಂಗಿಸಲಿಲ್ಲ.

ಆದರೆ ನಗದೆ ಹೇಳಿದ್ದು ಇನ್ನೊಂದಿತ್ತು. ಸಾಯುವ ವರ್ಷದ ಮಳೆಗಾಲದಲ್ಲಿ, ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತ, ಮಗನಿಗೂ ಹೇಳದ್ದನ್ನು ಹೇಳಿದ್ದಳು. “ಜಮೀನ್ದಾರ ಹರಿಹರ ಸಿಂಗನ ಕಣದಾಗೆ ಗೋಧಿ ಬಡೀತಿದ್ದೆ. ಅವನದೇ ಬಸುರು. ಹೆತ್ತ ದಿನ ತಾನೇ ಬಂದ, ಕೈಯಾಗೆ ಒಂದು ಹಿಡಿ ಉಪ್ಪು. ‘ಇದರ ಬಾಯಿಗೆ ಹಾಕು, ಇಲ್ದಿದ್ರೆ ನಿನ್ನ ತಮ್ಮಂದಿರ ಗುಡಿಸ್ಲು ಉರೀತದೆ’ ಅಂದ. ಹಾಕ್ದೆ. ಕೋರ್ಟಿನಾಗೆ ಅವನ ಹೆಸರು ಯೋಳ್ದೆ, ಬರೆಯೋನು ಲೇಖಣಿ ಎತ್ತಿಟ್ಟ. ಇಲ್ಲಿ ಜೈಲಿನಾಗೂ ಯೋಳ್ದೆ, ಇಲ್ಲಿ ಬರೆಯೋನೂ ಬರೀಲಿಲ್ಲ. ಆ ಕೂಸಿಗೆ ತಾಯಿನೂ ನಾನೊಬ್ಳೇ, ಯಮನೂ ನಾನೊಬ್ಳೇ ಆಗೋದೆ ಕಣವ್ವ.”

ಭಾರ್ಗವ ಗುಮಾಸ್ತನಿಗೆ ಹೇಳಿ ಬರೆಸತೊಡಗಿದ್ದ. “ನನ್ನ ಅಜ್ಜಿ ಸೋನ್‌ಕಲಿ ಎಂಬಾಕೆ, ಹಾದರದಿಂದ ಹುಟ್ಟಿದ ಕೂಸನ್ನು ಕೊಂದು ಇಲ್ಲಿಗೆ ಸಾಗಿಸಲ್ಪಟ್ಟ ಕೈದಿಯೆಂದೂ, ನನ್ನ ತಂದೆ ಸರ್ಕಾರಕ್ಕೆ ಸುಳ್ಳು ಹೇಳಿದ್ದನೆಂದೂ ಒಪ್ಪುತ್ತೇನೆ.” ಆಮೇಲೆ ಅವಳತ್ತ ತಿರುಗಿದ. “ಹೆಬ್ಬೆಟ್ಟು ಒತ್ತು. ನೆಲ ನಿನ್ನದು.”

“ಕೂಸು ಕೊಂದ್ಲು ಅಂತ ಬರೀರಿ, ಬ್ಯಾಡ ಅನ್ನಾಕಿಲ್ಲ,” ಎಂದಳು ಬತಾಸಿಯಾ. ಈ ಸಲ ಮಾತು ಹಜಾರದ ಕೊನೆಯವರೆಗೂ ಕೇಳಿಸಿತು. “ಉಪ್ಪು ಕೊಟ್ಟೋನ ಹೆಸರೂ ಬರೀರಿ. ಹರಿಹರ ಸಿಂಗ್. ಸೆಮರ್‌ಟೋಲಾದ ಜಮೀನ್ದಾರ. ಬಸುರು ಮಾಡ್ದೋನೂ ಅವ್ನೇ, ಉಪ್ಪು ಹಾಕ್ಸಿದೋನೂ ಅವ್ನೇ.”

ಭಾರ್ಗವನಿಗೆ ಅರ್ಥವಾಯಿತು. ಅರ್ಥವಾಗದವನಂತೆ ಮುಖ ಮಾಡಿದ. “ಉಪ್ಪು ತಿಂದವಳು ನೀರು ಕುಡಿದಳು. ಮುಗೀತು. ಆ ಹೆಸರಿಗೆ ಇದರಲ್ಲಿ ಕಾಲಂ ಇಲ್ಲ.”

“ಹಾದರ ಅನ್ನಾಕೆ ಐತಾ ಕಾಲಂ?”

“ಏಯ್, ನೆಲ ಬೇಕೋ ಬೇಡವೋ?”

ಬೇಕಿತ್ತು. ಆ ನೆಲ ಬಿಟ್ಟರೆ ಅವಳಿಗೆ ಜಗತ್ತಿನಲ್ಲಿ ತನ್ನದೆನ್ನುವ ಒಂದು ಕಲ್ಲೂ ಇರಲಿಲ್ಲ. ಗುಮಾಸ್ತ ಅವಳ ಹೆಬ್ಬೆಟ್ಟನ್ನು ಮಸಿಯ ಮೇಲೆ ಉರುಳಿಸಿ ಕಾಗದದತ್ತ ಎಳೆದ. ಅವಳು ಕೊಸರಿಕೊಂಡು ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿದಳು. ಅಜ್ಜಿಯ ಹೆಸರು ಯಾವುದೆಂದು ಓದಲು ಬರುತ್ತಿರಲಿಲ್ಲ, ಆದರೆ ಆ ಸಾಲಿನ ಮೇಲೆ ಭಾರ್ಗವನ ಪೆನ್ನು ಮಲಗಿತ್ತು. ಅದರ ಪಕ್ಕದ ಖಾಲಿ ಜಾಗದಲ್ಲಿ ಹೆಬ್ಬೆಟ್ಟು ಊರಿದಳು.

“ಇಲ್ಲೊಂದು ಗಂಡಸಿನ ಹೆಸರು ಬಿಟ್ಟೋಗೈತೆ. ನಂಗೆ ಬರಿಯಾಕೆ ಬರಾಕಿಲ್ಲ. ಅದ್ಕೇ ಗುರ್ತು ಹಾಕಿವ್ನಿ.”

“ಹುಚ್ಚುಮುಂಡೆ, ಸರ್ಕಾರಿ ದಾಖಲೆ ಕಣೇ ಅದು,” ಎಂದು ಭಾರ್ಗವ ಕೂಗಿದ.

“ಮುಂಡೆನೇ. ನಮ್ಮಜ್ಜಿನೂ ಮುಂಡೆನೇ. ಅದನ್ನ ಮಾತ್ರ ಚೆಂದಾಗಿ ಬರ್ದವ್ರೆ ನೋಡು, ಬೋಳಿಮಕ್ಳು.”

ಭಾರ್ಗವ ಅವಳ ಅರ್ಜಿಯನ್ನು ಎರಡು ತುಂಡು ಮಾಡಿ ಪೊಲೀಸರಿಗೆ ಹೇಳಿ ಕಳಿಸಿದ. ಪೇದೆ ಅವಳನ್ನು ಕರೆದೊಯ್ಯುವಾಗ ಹಜಾರದ ಜನ ದಾರಿ ಬಿಟ್ಟರು. ಗಜಾಧರ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದ.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವ ರೈಟರ್ ಇಪ್ಪತ್ತೈದರ ಹುಡುಗ, ಕೈಬರಹ ಮುದ್ದಾಗಿತ್ತು. ಹೆಸರು, ವಯಸ್ಸು, ಊರು ಬರೆದುಕೊಂಡು ಕೇಳಿದ, “ದಾಖಲೆ ಯಾಕಮ್ಮ ಕೆಡಿಸಿದೆ? ಹೇಳು, ನೀನು ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು. ಅದು ರೂಲು.”

ಬತಾಸಿಯಾ ಅವನ ಮುಖವನ್ನೇ ನೋಡಿದಳು. “ಯೋಳ್ದಂಗೇ ಬರೀತೀಯಾ?”

“ಬರೀಲೇಬೇಕು.”

ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗೋಧಿಯ ಕಣದಿಂದ ಶುರುಮಾಡಿ, ಒಂದೊಂದೇ ಮಾತಾಗಿ ಹೇಳಿದಳು. ಅವನು ಬರೆದ. ಹೆಸರು ಬಂದಾಗ ಎರಡು ಸಲ ಹೇಳಿದಳು, ಊರನ್ನೂ ಹೇಳಿದಳು. ಬರೆದು ಮುಗಿಸಿ ಓದಿ ಹೇಳಿದ. ಅವನು ಕೇಳುವ ಮೊದಲೇ ಅವಳು ಹೆಬ್ಬೆಟ್ಟು ಮುಂದೆ ಚಾಚಿದಳು.

“ಜಾಮೀನಿಗೆ ಯಾರಿದ್ದಾರೆ?” ರೈಟರ್ ಕೇಳಿದ. “ಮನೆಯವರು, ನೆಂಟರು, ಯಾರಾದರೂ?”

“ಯಾರೂ ಇಲ್ಲ ಮಗಾ,” ಎಂದಳು ಬತಾಸಿಯಾ. “ಆ ಹೆಸರಿರೋ ಸಾಲು ಇನ್ನೊಂದ್ಸಲ ಓದು.”