ಕ್ವಾರಿಯ ತಳ

ದೋಣಿಯಲ್ಲಿ ಕೂತಿದ್ದ ಶ್ರೀಧರನ ಎದುರಿನ ಪರದೆಯ ಮೇಲೆ ಟ್ರ್ಯಾಕ್ಟರೊಂದು ಮೂಡಿತು. ಮಗುಚಿ ಬಿದ್ದಿತ್ತು, ನಾಲ್ಕೂ ಚಕ್ರ ಮೇಲಕ್ಕೆ. ಸೋನಾರ್ ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ನೀರಿನಡಿ ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ. ಅವನು ದೋಣಿ ತಿರುಗಿಸಿ ಮತ್ತೊಮ್ಮೆ ಅದರ ಮೇಲೆಯೇ ಹಾಯಿಸಿದ. ಮತ್ತೆ ಅದೇ ಟ್ರ್ಯಾಕ್ಟರ್.

ಜಿಗಣಿಯ ಹೊರಗಿನ ಆ ಕಲ್ಲು ಕ್ವಾರಿ ನೀರು ತುಂಬಿ ಪಾಳುಬಿದ್ದಿತ್ತು. ಅದನ್ನು ಮುಚ್ಚಿ ಸೈಟು ಮಾರಲು ಹೊರಟಿದ್ದ ಮಾಲೀಕ ಚಿಕ್ಕಬೈರಪ್ಪನಿಗೆ ಎಷ್ಟು ಮಣ್ಣು ಬೇಕೆಂದು ತಿಳಿಯಬೇಕಿತ್ತು. ತಳದ ನಕ್ಷೆ ತೆಗೆಯಲು ಶ್ರೀಧರನ ಕಂಪನಿಯನ್ನು ಕರೆಸಿದ್ದ.

ದಡದಲ್ಲಿ ಸಿದ್ದಕ್ಕ ಕೂತಿದ್ದಳು. ಸರ್ವೆ ಶುರುವಾದಾಗಿನಿಂದ ಅವಳು ಅಲ್ಲಿಂದ ಕದಲಿರಲಿಲ್ಲ. ರಾಯಚೂರು ಕಡೆಯವಳು. ಗಂಡ ಯಂಕಪ್ಪ ಚಿಕ್ಕಬೈರಪ್ಪನ ಟ್ರ್ಯಾಕ್ಟರ್ ಓಡಿಸುತ್ತಿದ್ದವನು, ಒಂದು ಮಳೆಗಾಲದಲ್ಲಿ ಟ್ರ್ಯಾಕ್ಟರ್ ಸಮೇತ ಕಾಣೆಯಾದ. ಕದ್ದು ಓಡಿಹೋದನೆಂದು ಚಿಕ್ಕಬೈರಪ್ಪ ಪೊಲೀಸರಿಗೆ ದೂರು ಕೊಟ್ಟ. ಅಂದಿನಿಂದ ಊರಿಗೆಲ್ಲ ಅವಳು ಕಳ್ಳನ ಹೆಂಡತಿ. ಬಾಡಿಗೆಗೆ ಕೋಣೆ ಕೇಳಿದರೆ ಜನ ಬಾಗಿಲಲ್ಲೇ ಮಾತು ಮುಗಿಸುತ್ತಿದ್ದರು.

"ಸಾಹೇಬ್ರ," ದೋಣಿ ದಡ ಮುಟ್ಟುತ್ತಲೇ ಅವಳು ಕೇಳಿದಳು, "ತಳದಾಗ ಏನರ ಕಂಡ್ತೇನ್ರಿ? ನಮ್ಮಾಂವ ಕಳವು ಮಾಡಾಂವ ಅಲ್ರಿ. ಇದ್ರಾಗ ಬಿದ್ದಾನಂದ್ರ ಹೇಳ್ರಿ, ಅತ್ತು ಸುಮ್ನಾಗ್ತೀನಿ."

"ಇನ್ನೂ ನೋಡ್ಬೇಕಕ್ಕ," ಎಂದ ಶ್ರೀಧರ್. ಯಂಕಪ್ಪ ಆ ಟ್ರ್ಯಾಕ್ಟರಿನ ಅಡಿಯಲ್ಲೇ ಸಿಕ್ಕಿಕೊಂಡಿರಬೇಕೆಂದು ಅವನಿಗೆ ಆಗಲೇ ಗೊತ್ತಾಗಿತ್ತು.

ಸಂಜೆ ಚಿಕ್ಕಬೈರಪ್ಪ ಕಾರಿನಲ್ಲಿ ಕೂತೇ ಪರದೆ ನೋಡಿದ. ಬೆಚ್ಚಲಿಲ್ಲ.

"ಬ್ರೇಕ್ ಇಲ್ದಿದ್ ಗಾಡಿ ಅದು. ಮಳೇಲಿ ಓಗಲ್ಲ ಅಂದ, ನಾನೇ ಬೈದು ಕಳಿಸ್ದೆ. ಈಗ ಪೊಲೀಸು, ಕ್ರೇನು ಅಂತ ಬಂದ್ರೆ ಯಾವನು ಸೈಟ್ ತಗಂತಾನೆ? ಅಳಿಸ್ಬಿಡಿ ಸಾರ್. ನಂದಿನ್ನೂ ಎರಡು ಕ್ವಾರಿ ಅವೆ, ನಿಮ್ಗೇ ಕೊಡ್ತೀನಿ."

ಅಳಿಸುವುದು ಶ್ರೀಧರನಿಗೆ ಹೊಸದಲ್ಲ. ಮೀನು, ಗಾಳಿಗುಳ್ಳೆ, ತೇಲುವ ಕಸ ಅಡ್ಡ ಬಂದು ಮೂಡಿದ ಚುಕ್ಕೆಗಳು ಅಕ್ಕಪಕ್ಕದ ಆಳಕ್ಕೆ ಹೊಂದದಿದ್ದರೆ ತೆಗೆದುಹಾಕುವುದು ಅವನ ಕಸುಬಿನಲ್ಲಿ ದಿನದ ಕೆಲಸ. ಅದನ್ನು ಕ್ಲೀನ್ ಮಾಡುವುದು ಎನ್ನುತ್ತಾರೆ. ತನಗೆ ಕೊಟ್ಟದ್ದು ಆಳ ಅಳೆಯುವ ಕೆಲಸ, ಹೆಣ ಹುಡುಕುವುದಲ್ಲ ಎಂದು ಸಮಾಧಾನ ಹೇಳಿಕೊಂಡ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದೂ ಹೀಗೆಯೇ. ಟ್ರ್ಯಾಕ್ಟರಿನ ಚುಕ್ಕೆಗಳನ್ನೂ, ನಾಲ್ಕೂ ಚಕ್ರ ಸಮೇತ, ಹಾಗೆಯೇ ಅಳಿಸಿದ. ತನ್ನ ಮೇಲೆ ತನಗೇ ಅಸಹ್ಯವಾಯಿತು, ಆದರೂ ಊಟ ಸೇರಿತು.

ಮರುದಿನ ಸಿದ್ದಕ್ಕನಿಗೆ ಬಣ್ಣದ ನಕ್ಷೆ ತೋರಿಸಿದ.

"ನೋಡಿ ಅಕ್ಕ, ಬರೀ ಬಂಡೆ. ಏನೂ ಇಲ್ಲ."

ಅವಳು ನೀಲಿ ಹಸಿರು ಗೆರೆಗಳನ್ನು ಬಹಳ ಹೊತ್ತು ನೋಡಿದಳು. ಮುಖ ಅರಳಿತು.

"ಹಂಗಾರ ಜೀವಂತ ಅದಾನ," ಎಂದಳು. "ಕದ್ದಿದ್ರ ಕದ್ದಿರ್ಲಿ ಬಿಡ್ರಿ. ಎಲ್ಲೋ ಒಂದ್ಕಡೆ ಉಂಡು ಅರಾಮ ಇರ್ತಾನ." ಗಂಟು ಬಿಚ್ಚಿ ಜೋಳದ ರೊಟ್ಟಿ ಅವನ ಕೈಗಿಟ್ಟಳು. "ದೊಡ್ಡ ಉಪಕಾರ ಆತ್ರಿ."

ಅವನು ರೊಟ್ಟಿ ಮುರಿದ. ಅವಳೆದುರೇ ತಿಂದ.

ಮಣ್ಣು ತುಂಬತೊಡಗಿದ ಮೇಲೆ ಒಮ್ಮೆ ಶ್ರೀಧರ್ ಅಳತೆ ನೋಡಲು ಬಂದ. ಚಿಕ್ಕಬೈರಪ್ಪ ಅಲ್ಲೇ ಸಿದ್ದಕ್ಕನಿಗೆ ಕೂಲಿ ಕೆಲಸ ಕೊಟ್ಟಿದ್ದ. ಕಳ್ಳನ ಹೆಂಡತಿಗೂ ಅನ್ನ ಹಾಕಿದನೆಂದು ಊರವರು ಅವನನ್ನು ಹೊಗಳುತ್ತಿದ್ದರು. ಕೈತುಂಬ ಹೊಸ ಹಸಿರು ಬಳೆ ತೊಟ್ಟು ಅವಳು ಕ್ವಾರಿಯ ಅಂಚಿನಲ್ಲಿ ನಿಂತಿದ್ದಳು. ಹಿಮ್ಮುಖವಾಗಿ ಬರುತ್ತಿದ್ದ ಲಾರಿಗೆ ಕೈಬೀಸಿ, "ಬರ್ಲಿ, ಬರ್ಲಿ," ಎಂದು ಕೂಗಿದಳು. "ಸಾಕು, ಸುರೀರಿ."

ಮಣ್ಣು ನೀರಿಗೆ ಜಾರಿತು. ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು ಅವಳು ಮುಂದಿನ ಲಾರಿಯನ್ನು ಕರೆದಳು.