ತೊಟ್ಟಿಲುಬಂಡೆಯ ಮೂರನೇ ಕೂಗು

ಕಾಡಿಗೂ ಊರಿಗೂ ಇನ್ನೂ ಬೇಲಿ ಬೀಳದಿದ್ದ ಕಾಲದಲ್ಲಿ, ತರೀಕೆರೆಯಾಚೆಯ ಗುಡ್ಡದ ಮೇಲೆ ಮಕ್ಕಳೆಂದರೆ ಆಸೆಪಡುವ ಒಂದು ಬಂಡೆಯಿತ್ತಂತೆ. ಉಳಿಯದ ಕೂಸನ್ನು ಎದೆಗವಚಿಕೊಂಡು ಬಂದವರು 'ಉಳಿಸಿಕೊಡು, ಮರದ ತೊಟ್ಟಿಲು ಕಟ್ಟುತ್ತೇನೆ' ಎಂದು ಹರಸಿಕೊಂಡರೆ ಉಳಿಸಿಕೊಡುತ್ತಿತ್ತಂತೆ. ಆದರೆ ತೊಟ್ಟಿಲು ಕಟ್ಟುವ ತನಕ ಕೂಸು ಅರ್ಧ ತಾಯಿಯದು, ಅರ್ಧ ಬಂಡೆಯದು. ಹರಕೆ ಮರೆತವರ ಮಕ್ಕಳನ್ನು ಅದು ಹೆಸರು ಹಿಡಿದು ಕೂಗುತ್ತಿತ್ತಂತೆ, ಎರಡೇ ಸಲ. ಮೂರನೆಯದಕ್ಕೆ ಕಲ್ಲಿಗೆ ಉಸಿರು ಸಾಲದು.

"ಅದ್ಕೇ ಕಣೇ, ಕಾಡಲ್ಲಿ ಯಾರೇ ಕರುದ್ರೂ ಮೂರ್ನೇ ಕೂಗಿಗೇ ಓ ಅನ್ಬೇಕು," ಎಂದು ಅಜ್ಜಿ ಕೆಂಚಮ್ಮ ಪ್ರತಿಸಲ ಕಥೆ ಮುಗಿಸುತ್ತಿದ್ದಳು.

ಅಂಥದೊಂದು ಕೂಸು ತಾನೇ ಎಂದು ನಿಶ್ಚಿತಾಳಿಗೆ ತಿಳಿದದ್ದು ಇಪ್ಪತ್ತಮೂರು ತುಂಬಿದ ಮೇಲೆ. ಏಳು ತಿಂಗಳಿಗೇ ಹುಟ್ಟಿದ ಮೊಮ್ಮಗಳಿಗಾಗಿ ಅಜ್ಜಿ ಹರಸಿಕೊಂಡಿದ್ದಳು. ಆಮೇಲೆ ಕಾಡಿಗೆ ಗೇಟು ಬಿತ್ತು, ಅಜ್ಜಿಯ ಮಂಡಿ ಕೈಕೊಟ್ಟಿತು. ಈಗ ಶಿವನಿ ಊರಿನ ಮನೆಯಲ್ಲಿ ಹಾಸಿಗೆ ಹಿಡಿದು, ಗಂಜಿಯೂ ಬೇಡವೆನ್ನುತ್ತಿದ್ದವಳು ಹೆಬ್ಬೆರಳುದ್ದದ ತೊಟ್ಟಿಲೊಂದನ್ನು ಅವಳ ಕೈಗಿಟ್ಟಿದ್ದಳು. "ಕಟ್ಟಿ ಬಾರವ್ವಾ. ಆಮೇಲೆ ನಾನು ನಿರಾಳವಾಗಿ ಹೊರಡ್ತೀನಿ."

ನಿಶ್ಚಿತಾ ಭಾಷೆ ಕೊಟ್ಟಳು. ಮರುಬೆಳಗ್ಗೆಯೇ ಚಿಕ್ಕಪ್ಪನ ಮಗ ಭೈರೇಶ್ ಬೈಕಿನಲ್ಲಿ ಕರೆತಂದ. ಹಿಂದಿನ ಕ್ಯಾರಿಯರಿನಲ್ಲಿ ತೆಂಗಿನಕಾಯಿ ಚೀಲ ಬಿಗಿಯುವ ಹಗ್ಗ ಹಾಗೇ ಸುತ್ತಿಕೊಂಡಿತ್ತು. ಗೇಟಿನಲ್ಲಿ ವಾಚರ್ ತೀರ್ಥಪ್ಪ ಹೆಸರು ಬರೆದುಕೊಂಡ. "ಮೇಲೆ ಬಂಡೆ ಅಂಚಿನ ಕಂಬಿ ದಾಟ್ಬೇಡ್ರವ್ವಾ. ಅರ್ಧ ಗಂಟೇಲಿ ಇಳ್ದು ಬನ್ನಿ."

ಬಂಡೆಯ ನೆತ್ತಿಯಲ್ಲಿ ನಿಂತರೆ ಕಾಡು ಮಡಿಕೆ ಮಡಿಕೆಯಾಗಿ ಇಳಿದು, ದೂರದಲ್ಲಿ ಭದ್ರೆಯ ಹಿನ್ನೀರು ಒಗೆದು ಹರವಿದ ಸೀರೆಯಂತೆ ಬಿದ್ದಿತ್ತು. ಭೈರೇಶ್ ಎಂಟು ಸೆಲ್ಫಿ ತೆಗೆದುಕೊಂಡು, "ಲೇ, ನಿನ್ನ ಬಂಡೆ ನಗ್ತಾನೇ ಇಲ್ವಲ್ಲೇ," ಎಂದು ರೇಗಿಸಿ, ಬಾಟಲಿಗೆ ನೀರು ತುಂಬಲು ಒರತೆಯ ಕಡೆ ಹೋದ.

ಹರಕೆಯ ತೊಟ್ಟಿಲು ಕಟ್ಟುವ ಮರವಿದ್ದದ್ದು ಕಂಬಿಯಾಚೆ. ಆಳೆತ್ತರದ ಕೆಳಗೆ, ಚಾಪೆಯಗಲದ ಕಲ್ಲುಮೆಟ್ಟಿಲ ಮೇಲೆ ಒಂದು ಬಸರಿ ಗಿಡ ಬಯಲಿಗೆ ಬಾಗಿತ್ತು. ಕೊಂಬೆಗಳಲ್ಲಿ ಯಾರ್ಯಾರದೋ ತೊಟ್ಟಿಲುಗಳು ಕಪ್ಪಾಗಿ ನೇತಾಡುತ್ತಿದ್ದವು. ನಿಶ್ಚಿತಾ ತೊಟ್ಟಿಲನ್ನು ದುಪಟ್ಟಾದ ತುದಿಗೆ ಗಂಟು ಹಾಕಿ, ಅದನ್ನು ಸೊಂಟಕ್ಕೆ ಬಿಗಿದು, ಕಂಬಿ ದಾಟಿ ಜಾರಿಕೊಂಡು ಇಳಿದಳು.

ಇಳಿದದ್ದೇ ತಡ, ಹಾವಸೆಯ ಮೇಲೆ ಎಡಗಾಲು ಜಾರಿ ಬಯಲಿಗೆ ಹೋಯಿತು. ಎರಡೂ ಕೈಯಿಂದ ಕಾಂಡವನ್ನು ತಬ್ಬಿಕೊಂಡಳು. ಅರ್ಧ ಮೈ ಕಲ್ಲಿನ ಮೇಲೆ, ಅರ್ಧ ಗಾಳಿಯಲ್ಲಿ. ಒಂದು ಕೈ ಬಿಟ್ಟರೂ ಹೋದಳು. ಕೆಳಗಿನಿಂದ ಮಂಜು ಎದ್ದು ಹಿನ್ನೀರನ್ನು ನುಂಗಿತು, ಕಾಡನ್ನು ನುಂಗಿತು, ಅವಳ ಪಾದವನ್ನೂ ನುಂಗಿತು.

"ನಿಶ್ಚೀ!" ಮಂಜಿನೊಳಗಿಂದ ಕೂಗು ಬಂತು.

ಬಾಯಿ ತೆರೆದವಳು ತಟ್ಟನೆ ಮುಚ್ಚಿದಳು. ಹರಕೆ ತೀರದ ಕೂಸು ತಾನು. ಇದು ಯಾರ ಕೂಗು?

"ನಿಶ್ಚೀ!"

ಎರಡು. ಹಲ್ಲು ಕಚ್ಚಿ ಮೂರನೆಯದಕ್ಕೆ ಕಾದಳು.

"ಇವ್ಳೊಬ್ಳು! ಹೇಳ್ದೆ ಕೇಳ್ದೆ ಇಳ್ದು ಹೋಗ್ಬಿಟ್ಟವಳೆ," ಎಂಬ ಗೊಣಗಾಟದೊಡನೆ ಹೆಜ್ಜೆಗಳು ದೂರವಾದವು. ಕಲ್ಲು ಗೊಣಗುವುದಿಲ್ಲವಲ್ಲ! "ಭೈರೇಶಾ!" ಎಂದು ಕಿರುಚಿದಳು. ಗಾಳಿ ಅದನ್ನು ಕಣಿವೆಗೆ ಒಯ್ದಿತು.

ಎಷ್ಟು ಹೊತ್ತಾಯಿತೋ. ತೋಳುಗಳು ಜೋಮು ಹಿಡಿದವು. ಹೊಟ್ಟೆಗೊತ್ತುತ್ತಿದ್ದ ತೊಟ್ಟಿಲಿಗೂ ಕೊಂಬೆಗೂ ಒಂದು ಗೇಣು ಅಂತರ. ಆ ಗೇಣು ದಾಟಲು ಅವಳಿಗೆ ಮೂರನೆಯದೊಂದು ಕೈ ಬೇಕಿತ್ತು. ಅಜ್ಜಿ ಅಲ್ಲಿ ಬಾಗಿಲು ನೋಡುತ್ತ ಮಲಗಿರುತ್ತಾಳೆ.

ಮೇಲೆ ಬೂಟುಗಳ ಸದ್ದಾಯಿತು.

"ಭೈರೇಶಾ!" ಸದ್ದು ನಿಂತಿತು. ಉತ್ತರವಿಲ್ಲ. "ಭೈರೇಶಾ!" ಈಗಲೂ ಇಲ್ಲ. ಗಂಟಲಲ್ಲಿ ಉಸಿರೇ ಉಳಿದಿರಲಿಲ್ಲ. ಅಷ್ಟರಲ್ಲಿ ತೀರ್ಥಪ್ಪನ ಪಿಸುದನಿ ಕೇಳಿತು: "ಸುಮ್ಕಿರಪ್ಪಾ, ಓ ಅನ್ಬೇಡ. ಇನ್ನೊಂದ್ಸಲ ಕೂಗ್ಲಿ."

ಅವಳಿಗೆ ಸಿಟ್ಟೂ ನಗುವೂ ಒಟ್ಟಿಗೇ ಉಕ್ಕಿದವು. ಆ ಬಿಸಿಯಲ್ಲೇ ಮೂರನೆಯ ಕೂಗು ಹೊರಬಿತ್ತು. "ಭೈರೇಶಾಆ!"

"ಓ!" ಎಂದರು ಇಬ್ಬರೂ.

ಬೈಕಿನಿಂದ ಬಿಚ್ಚಿ ತಂದಿದ್ದ ತೆಂಗಿನಕಾಯಿಯ ಹಗ್ಗವನ್ನು ಕಂಬಿಗೆ ಬಿಗಿದು, ಕುಣಿಕೆ ಮಾಡಿ ಇಳಿಬಿಟ್ಟರು. ನಿಶ್ಚಿತಾ ಮೊದಲು ತಲೆ, ಆಮೇಲೆ ಹಗ್ಗವನ್ನೇ ಹಿಡಿದುಕೊಂಡು ಒಂದೊಂದಾಗಿ ತೋಳು ತೂರಿಸಿದಳು. ಹಗ್ಗ ಕಂಕುಳಲ್ಲಿ ಬಿಗಿಯಿತು. ಜಾರಿದ ಕಾಲು ಕಲ್ಲಿನ ಮೇಲೆ ಬಂತು.

"ದೆವ್ವದಂಥೋಳೆ, ನಾನ್ ಕೂಗ್ದಾಗ ಓ ಅನ್ನಕ್ಕೇನಾಗಿತ್ತೇ?" ಭೈರೇಶನ ದನಿ ಅಳುವಂತಿತ್ತು.

"ಎರಡೇ ಸಲ ಕೂಗ್ದೆ ಕಣೋ ನೀನು!"

"ತಪ್ಪು ನಿಂದೇ ಕಣಪ್ಪಾ," ಎಂದ ತೀರ್ಥಪ್ಪ. "ಕಾಡಲ್ಲಿ ಎರಡು ಸಲ ಕೂಗಿ ಹೊರಟೋಗದಾ? ಹತ್ತವ್ವಾ, ಬೇಗ ಹತ್ತು."

"ಒಂದ್ನಿಮಿಷ ತಡೀರಿ. ಹಗ್ಗ ಬಿಗಿಯಾಗಿ ಹಿಡ್ಕಳಿ."

ಅವಳ ಎರಡು ಕೈಗಳೂ ಈಗ ಅವಳವೇ ಆಗಿದ್ದವು. ಮರಗಟ್ಟಿದ ಬೆರಳಿಗೆ ಗಂಟು ಬಿಚ್ಚಲಾಗದೆ ಹಲ್ಲಿನಿಂದ ಬಿಚ್ಚಿದಳು. ತೊಟ್ಟಿಲನ್ನು ಎಲ್ಲಕ್ಕಿಂತ ಕೆಳಗಿನ ಕೊಂಬೆಗೆ ಇಳಿಬಿಟ್ಟು, ದಾರಕ್ಕೆ ಒಂದು ಗಂಟು ಹಾಕಿದಳು, ಎರಡು ಹಾಕಿದಳು, ಎಳೆದು ನೋಡಿ ಮೂರನೆಯದನ್ನೂ ಹಾಕಿದಳು.